ಕೂದಲೆಳೆಯಷ್ಟು ಸಡಿಲ

ಕಾರು ಎರಡನೇ ಸಲ ಪಿಸ್ಟನ್ ಒಡೆದುಕೊಂಡು, ಯಾರದೋ ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತಲ್ಲ, ಗಂಡ ಹೆಂಡತಿ ನಡುವೆ ಆ ಒಪ್ಪಂದ ಆದದ್ದು ಅವತ್ತೇ. ಇನ್ನೊಂದೇ ಒಂದು ಸಲ. ಈ ಸಲವೂ ಎಂಜಿನ್ ಕೈಕೊಟ್ಟರೆ ಕಾರು ಗುಜರಿಗೆ, ಕಾರಿನ ಶೆಡ್ಡು ಹೆಂಡತಿಯ ಹೊಲಿಗೆ ಮಿಷನ್ನಿಗೆ. "ಆಯ್ತು ಕಣೇ, ಮಾತು ಅಂದ್ರೆ ಮಾತು" ಎಂದು ಗಂಡ ಗ್ರೀಸು ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದು ಒಪ್ಪಿಕೊಂಡ. ಅವಳ ಕೈಯಲ್ಲಿ ಆಗ ಗಿರಾಕಿಯೊಬ್ಬರ ಬಿಳಿ ಅಂಗಿ ಇತ್ತು. ಅದರ ಕಥೆ ಬೇಡ ಬಿಡಿ.

ಶೆಡ್ಡು ಅವಳಿಗೆ ಬೇಕಿತ್ತು. ಸುಮ್ಮನೆ ಬಾಯಿಮಾತಿಗೆ ಬೇಕಿತ್ತು ಎನ್ನುತ್ತಾರಲ್ಲ, ಹಾಗಲ್ಲ. ಕನಸಲ್ಲೂ ಬರುವಷ್ಟು ಬೇಕಿತ್ತು. ಅವಳ ಮಿಷನ್ನು ಇದ್ದದ್ದು ಮಲಗುವ ಕೋಣೆಯ ಬಾಗಿಲ ಹಿಂದೆ, ಹಾಗಾಗಿ ಆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಬಟ್ಟೆ ಕತ್ತರಿಸುವುದು ಹಾಸಿಗೆಯ ಮೇಲೆ, ಗಿರಾಕಿಗಳ ಅಳತೆ ತೆಗೆಯುವುದು ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಗಂಡ ಮಗ್ಗುಲು ಬದಲಿಸಿ, ಗುಂಡುಸೂಜಿ ಚುಚ್ಚಿಸಿಕೊಂಡು ಎದ್ದು ಕೂತದ್ದಕ್ಕೆ ಲೆಕ್ಕವೇ ಇಲ್ಲ. ಶೆಡ್ಡಿಗಾದರೋ ಗೋಡೆಯಗಲದ ಕಿಟಕಿ, ನುಣುಪಾದ ಸಿಮೆಂಟಿನ ನೆಲ, ಬೀದಿಗೇ ತೆರೆಯುವ ಬಾಗಿಲು. ಅಷ್ಟು ಒಳ್ಳೆ ಬೆಳಕಿನಲ್ಲಿ ಒಂದು ಕಾರು ಹಾಯಾಗಿ ಮಲಗಿದೆಯಲ್ಲ ಎಂದು ಅವಳಿಗೆ ಹೊಟ್ಟೆಯುರಿ.

ಗಂಡ ಬೇಕರಿಯ ವ್ಯಾನು ಓಡಿಸುವವನು. ಬೀದಿಯವರಿಗೆಲ್ಲ ಬ್ರೆಡ್ಡಣ್ಣ. ವಾರವಿಡೀ ಕೇಕು ಕುಸಿಯದ ಹಾಗೆ, ಬನ್ನು ಜಜ್ಜದ ಹಾಗೆ, ಬಾಣಂತಿಯನ್ನು ಕರೆದೊಯ್ಯುವವನಂತೆ ಓಡಿಸಿ ಓಡಿಸಿ ಅವನಿಗೆ ರೋಸಿಹೋಗಿತ್ತು. ರಜಾ ದಿನ ಬಂತೆಂದರೆ ತನ್ನ ಹಳೇ ಪುಟ್ಟ ಕಾರಿನ ಮುಂದೆ ಹಾಜರು. ಅದಕ್ಕೊಂದು ಟರ್ಬೊ ಬೇರೆ ಕೂರಿಸಿದ್ದ. ಊರಾಚೆಯ ಗುಡ್ಡದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾರು ಹತ್ತಿಸುವ ಸ್ಪರ್ಧೆ. ಗೆಲ್ಲುವ ಆಸೆಯೆಲ್ಲ ಅವನಿಗಿರಲಿಲ್ಲ. ತುದಿ ಮುಟ್ಟಿದರೆ ಸಾಕಿತ್ತು. ಎರಡು ವರ್ಷವೂ ಅರ್ಧ ದಾರಿಯಲ್ಲೇ ಹೊಗೆ.

ಕಾರಣ ಅವನಿಗೆ ಗೊತ್ತಿತ್ತು. ಟರ್ಬೊ ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುತ್ತದೆ, ಆ ಏಟನ್ನು ಮಾಮೂಲಿ ಎರಕದ ಪಿಸ್ಟನ್ನು ತಡೆಯುವುದಿಲ್ಲ. ಬೇಕಾದದ್ದು ಫೋರ್ಜ್ಡ್ ಪಿಸ್ಟನ್ನು: ಕರಗಿಸಿ ಅಚ್ಚಿಗೆ ಹೊಯ್ದದ್ದಲ್ಲ, ಲೋಹವನ್ನು ಭಾರಿ ಒತ್ತಡದಲ್ಲಿ ಅದುಮಿ ಗಟ್ಟಿ ಮಾಡಿದ್ದು. ಹೊಸದರ ಬೆಲೆ ಕೇಳಿ ಬಂದವನು ಎರಡು ಲೋಟ ನೀರು ಕುಡಿದ. ಆಮೇಲೆ ಹುಡುಕಿ ಹುಡುಕಿ ಒಬ್ಬ ಗಡಿಯಾರ ರಿಪೇರಿಯವನನ್ನು ಪತ್ತೆಹಚ್ಚಿದ. ಆ ಮಹಾಶಯ ತನ್ನ ಇಂಥದೇ ಕಾರಿಗೆಂದು ಪಿಸ್ಟನ್ ಕೊಂಡು, ಹಾಕಿಸುವ ಮೊದಲೇ ಕಾರನ್ನೇ ಮಾರಿಬಿಟ್ಟಿದ್ದ. ಸಾಮಾನು ಅರ್ಧ ಬೆಲೆಗೆ ಸಿಕ್ಕಿತು. ರಿಂಗು, ಗ್ಯಾಸ್ಕೆಟ್ಟು ಮಾತ್ರ ಹೊಸದು, ಮಿಕ್ಕಿದ್ದೆಲ್ಲ ಇದ್ದದ್ದೇ, ಸಿಲಿಂಡರ್ ಕೊರೆಯುವ ಬೋರಿಂಗ್ ಕೆಲಸಕ್ಕೆ ಅವನ ಸೋದರಮಾವ. ಹೀಗೆ ಬಡವನ ಬಜೆಟ್ಟಿನಲ್ಲಿ ಬಾಬತ್ತು ಕುದುರಿತು.

ಪಿಸ್ಟನ್ ತಂದವಳು ಹೆಂಡತಿ. ಗುಂಡಿ ಕೊಳ್ಳಲು ಆ ಕಡೆಗೇ ಹೋಗಬೇಕಿತ್ತು. ಗಡಿಯಾರದವನು ಡಬ್ಬ ಕೈಗಿಡುತ್ತಾ, "ನೋಡಿಮ್ಮಾ, ಇದು ಬಿಸಿಯಾದ್ರೆ ಮಾಮೂಲಿಗಿಂತ ಜಾಸ್ತಿ ಉಬ್ಬುತ್ತೆ. ಸುತ್ತ ಸಂದು ಎರಡರಷ್ಟು ಬಿಡೋಕೆ ಹೇಳಿ, ಇಲ್ಲಾಂದ್ರೆ ಒಳಗೇ ಕಚ್ಚಿಕೊಳ್ಳುತ್ತೆ" ಎಂದಿದ್ದ. ಅವಳ ತಲೆಯಲ್ಲಿ ಗುಂಡಿಯ ಬಣ್ಣ. ಹೂಂ ಎಂದು ಬಂದವಳು ಮರೆತೇಬಿಟ್ಟಳು.

ಈಗ ಸೋದರಮಾವ. ಅವರನ್ನು ಎಲ್ಲರೂ ಕರೆಯುವುದು ಬಿಗಿಮಾವ ಅಂತ. ಅವರು ನಿಲ್ಲಿಸಿದ ನಲ್ಲಿಯನ್ನು ಇನ್ನೊಬ್ಬರು ತಿರುಗಿಸಲಾರರು, ಅವರು ಮುಚ್ಚಿದ ಡಬ್ಬಿಯನ್ನು ಅವರೇ ಬಂದು ತೆರೆಯಬೇಕು. ಬೋರಿಂಗ್ ಅಂಗಡಿಯಲ್ಲಿ ಅವರಿಗೆ ಹೆಸರು ಬಂದದ್ದೂ ಆ ಬಿಗಿಯಿಂದಲೇ. ಪಿಸ್ಟನ್ ಓಡಾಡುವ ಸಿಲಿಂಡರನ್ನು ಕೊರೆದು ಉಜ್ಜಿ ಎಷ್ಟು ಹದವಾಗಿ ಕೂರಿಸುತ್ತಿದ್ದರೆಂದರೆ ನಡುವೆ ಗಾಳಿ ಸುಳಿಯಬೇಕಾದರೂ ಅವರ ಅಪ್ಪಣೆ ಕೇಳಬೇಕು.

ಪಿಸ್ಟನ್ ಕೂರಿಸಿ ನೋಡುವ ದಿನ ಹೆಂಡತಿ ಅಂಗಡಿಗೆ ಹೋದದ್ದು ಊಟದ ಡಬ್ಬಿ ಕೊಡಲು. ಕಬ್ಬಿಣದ ಪುಡಿ, ಎಣ್ಣೆ ವಾಸನೆ, ಮೂಲೆಯಲ್ಲಿ ಗುರುಗುಡುವ ಫ್ಯಾನು. ಬಿಗಿಮಾವ ಪಿಸ್ಟನ್ನೊಂದನ್ನು ಸಿಲಿಂಡರಿಗೆ ಇಳಿಬಿಟ್ಟು ಹೆಬ್ಬೆರಳಲ್ಲಿ ಒತ್ತಿದರು. ಅದು ಮೆಲ್ಲಗೆ, ಒಲ್ಲದ ಮನಸ್ಸಿನಿಂದ ಜಾರಿತು.

"ಹೇಗಿದೆ?" ಎಂದು ಬೀಗಿದರು.

"ಬೆಣ್ಣೆ ಮಾವ, ಬೆಣ್ಣೆ" ಎಂದ ಬ್ರೆಡ್ಡಣ್ಣ.

ಗಡಿಯಾರದವನ ಮಾತು ಅವಳಿಗೆ ನೆನಪಾದದ್ದು ಆಗ. ಅದರ ಬೆನ್ನಿಗೇ ಇನ್ನೊಂದು ಯೋಚನೆ ನುಸುಳಿತು ನೋಡಿ: ಸುಮ್ಮನಿದ್ದರೆ? ಪಿಸ್ಟನ್ನು ಗುಡ್ಡದ ಮೇಲೆ ಕಚ್ಚಿಕೊಳ್ಳುತ್ತದೆ, ಕಾರು ಗುಜರಿಗೆ ಹೋಗುತ್ತದೆ, ಕಿಟಕಿಯ ಕೆಳಗೆ ತನ್ನ ಮಿಷನ್ನು. ತಾನು ಯಾರಿಗೂ ಏನೂ ಮಾಡಿದಂತಲ್ಲ. ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಅವಳು ಡಬ್ಬಿ ಇಟ್ಟು ಬಾಗಿಲವರೆಗೂ ಹೋದಳು. ಗಂಡ ಪಿಸ್ಟನ್ನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಬಟ್ಟೆಯಿಂದ ಒರೆಸುತ್ತಿದ್ದ. ಹಾಳು ಮನುಷ್ಯ, ಅಷ್ಟು ಖುಷಿಯಾಗಿದ್ದ.

"ಮಾವ, ಬಿಗಿ ಆಯ್ತು ಅದು" ಎಂದಳು, ತಿರುಗಿ ಬಂದು.

ಇಷ್ಟು ವರ್ಷದಲ್ಲಿ ಆ ಅಂಗಡಿಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಬಿಗಿಮಾವ ಕನ್ನಡಕದ ಮೇಲಿಂದ ನೋಡಿದರು. ಅವಳು ಗಡಿಯಾರದವನು ಹೇಳಿದ್ದನ್ನೆಲ್ಲ ಒಪ್ಪಿಸಿದಳು.

"ಗಡಿಯಾರದವನ್ನ ಕೇಳಿ ನಾನು ಬೋರಿಂಗ್ ಮಾಡಬೇಕೇನಮ್ಮಾ? ಒಂದು ಸಲ ಉಜ್ಜಿದ ಮೇಲೆ ಹೋದ ಲೋಹ ವಾಪಸ್ ಬರಲ್ಲ. ಸಡಿಲ ಆದ್ರೆ ಈ ಎಂಜಿನ್ ಬ್ಲಾಕಿನ ಕತೆ ಮುಗೀತು."

"ಅಂಗಿ ಹೊಲಿಯೋವಾಗ ನಿಂತವರ ಅಳತೆಗೇ ಹೊಲಿದ್ರೆ ಕೂತಾಗ ಕಿತ್ತುಹೋಗುತ್ತೆ ಮಾವ. ಉಸಿರು ಬಿಡೋಕೆ, ಊಟ ಮಾಡೋಕೆ ಅಂತ ಜಾಗ ಬಿಡ್ತೀವಿ. ಇದೂ ಉಬ್ಬೋ ಜಾತಿ. ತಪ್ಪಾದ್ರೆ ನನ್ನ ತಲೆ ಮೇಲೆ ಹಾಕಿ."

ಮಾವ ಗೊಣಗಿದರು, ಊಟ ಮಾಡಿದರು, ಇನ್ನಷ್ಟು ಗೊಣಗಿದರು. ಕೊನೆಗೆ ಗಂಟುಮುಖ ಹಾಕಿಕೊಂಡು ಕೂದಲೆಳೆಯಷ್ಟು ಹೆಚ್ಚಿಗೆ ಉಜ್ಜಿಕೊಟ್ಟರು. ಈಗ ಪಿಸ್ಟನ್ನು ಬೆರಳು ತಾಕಿಸುವ ಮೊದಲೇ ಸುಯ್ಯನೆ ಇಳಿಯಿತು. ಅವರು ಮುಖ ಆ ಕಡೆ ತಿರುಗಿಸಿಕೊಂಡರು.

ಎಂಜಿನ್ ಕಟ್ಟಿ ಮುಗಿಸಿದ ಬೆಳಗ್ಗೆ ಚಳಿ ಚಳಿ. ಬ್ರೆಡ್ಡಣ್ಣ ಕೀಲಿ ತಿರುಗಿಸಿದ. ಕಾರು ಒಂದೇ ಏಟಿಗೆ ಶುರುವಾಯಿತು, ಶುರುವಾದದ್ದೇ ಕಟಕಟ ಕಟಕಟ ಎಂದು ಬಡಿದುಕೊಳ್ಳತೊಡಗಿತು. ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಎದುರುಮನೆಯವರು ಕಿಟಕಿ ತೆರೆದು ನೋಡಿದರು. ಬಿಗಿಮಾವ, "ನಾನು ಹೇಳಿದ್ದೆ" ಎಂದು ಮೂರು ಸಲ ಹೇಳಿದರು.

ಬ್ರೆಡ್ಡಣ್ಣ ಇಳಿದು ಬಂದು ಹೆಂಡತಿಯ ಮುಖ ನೋಡಿದ. ಆಮೇಲೆ ಶೆಡ್ಡಿನ ಕಿಟಕಿ ನೋಡಿದ, ನೆಲ ನೋಡಿದ.

"ಶೆಡ್ಡು ಬೇಕಿತ್ತು ಅಂದ್ರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ" ಎಂದ. ಸಿಟ್ಟಿನಿಂದ ಅಂದಿದ್ದರೆ ಅವಳೂ ಎರಡು ಮಾತು ಅನ್ನುತ್ತಿದ್ದಳು. ಮೆಲ್ಲಗೆ ಅಂದ, ಅದಕ್ಕೇ ಕರುಳಿಗೆ ನಾಟಿತು. ಅವನು ಕೀಲಿಯ ಕಡೆ ಕೈ ಚಾಚಿದ.

"ಆರಿಸಬೇಡಿ" ಎಂದಳು. "ಬಿಸಿಯಾದ್ರೆ ಉಬ್ಬುತ್ತೆ ಅಂದಿದ್ದ. ಇನ್ನೂ ತಣ್ಣಗಿದೆಯಲ್ಲ, ಎಲ್ಲಿಂದ ಉಬ್ಬುತ್ತೆ? ಬಿಸಿಯಾಗಲಿ."

ಗೊತ್ತಿದ್ದು ಹೇಳಿದಳೋ ಎಂದರೆ, ಇಲ್ಲ. ಮೂವರೂ ನಿಂತರು. ಮೀಟರಿನಲ್ಲಿ ಬಿಸಿಯ ಮುಳ್ಳು ಮೇಲೇಳತೊಡಗಿತು. ಕಟಕಟ ಸ್ವಲ್ಪ ಮೆತ್ತಗಾಯಿತು, ಇಲ್ಲ, ತಮಗೇ ಹಾಗೆ ಅನ್ನಿಸಿತೋ ಏನೋ. ಇನ್ನಷ್ಟು ಹೊತ್ತಿಗೆ ಅಲ್ಲೊಂದು ಇಲ್ಲೊಂದು ಸದ್ದು. ಆಮೇಲೆ ಅದೂ ಇಲ್ಲ. ಬಿಗಿಮಾವ ಬಾನೆಟ್ಟಿಗೆ ಕಿವಿ ಹಚ್ಚಿ ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದವರು ಯಾರ ಮುಖವನ್ನೂ ನೋಡದೆ, "ಕೂತಿದೆ" ಎಂದರು. ಬ್ರೆಡ್ಡಣ್ಣ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗೆ ಹೋಗಿ ಅರ್ಧ ತೆರೆಯುವ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡಿದ್ದಳು.

ಸ್ಪರ್ಧೆಯವರೆಗೂ ಅವಳು ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಎಂಜಿನ್ ಪಳಗಲೆಂದು ಅವನು ಕಾರನ್ನೂ ಬ್ರೆಡ್ ವ್ಯಾನಿನ ಹಾಗೇ ಓಡಿಸಿಕೊಂಡು ತಿರುಗಿದ. ಗುಡ್ಡದ ದಿನ ಮಾತ್ರ ಅವಳು ಬೆಳಗ್ಗೆಯೇ ಹೋಗಿ ತುದಿಯಲ್ಲಿ ನಿಂತಿದ್ದಳು. ಕೆಳಗಿನ ತಿರುವಿನಲ್ಲಿ ಆ ಪುಟ್ಟ ಕಾರು ಕಂಡಿತು. ಹಿಂದಿನ ಎರಡು ಸಲ ಹೊಗೆಯೆದ್ದ ಜಾಗ ದಾಟಿತು. ಬಂತು, ಬಂದೇಬಿಟ್ಟಿತು. ಕೊನೆಯಿಂದ ಮೂರನೇ ಸ್ಥಾನ. ಬ್ರೆಡ್ಡಣ್ಣ ಇಳಿದು ನಿಂತಾಗ ಕಪ್ ಗೆದ್ದವನಿಗಿಂತ ಅಗಲವಾಗಿ ನಗುತ್ತಿದ್ದ. ಅವಳಿಗೆ ಸಂತೋಷ ತಡೆಯಲಾಗಲಿಲ್ಲ, ಮುನಿಸೆಲ್ಲ ಎಲ್ಲಿ ಹೋಯಿತೋ. ಅತ್ತ ಬಿಗಿಮಾವ ಸುತ್ತ ಹತ್ತು ಜನರನ್ನು ಸೇರಿಸಿಕೊಂಡು, "ಇದು ಫೋರ್ಜ್ಡು ಕಣ್ರಯ್ಯಾ, ಉಬ್ಬೋ ಜಾತಿ. ಇದಕ್ಕೆ ಜಾಗ ಬಿಡಬೇಕು ಅಂತ ನಾನು ಮೊದಲೇ ಹೇಳಿದ್ದೆ" ಎಂದು ಪಾಠ ಮಾಡುತ್ತಿದ್ದರು. ಅವಳು ನಕ್ಕುಬಿಟ್ಟಳು.

ಮನೆಗೆ ಬಂದಾಗ ಬ್ರೆಡ್ಡಣ್ಣ ಕಾರನ್ನು ಶೆಡ್ಡಿಗೆ ಹಾಕಲಿಲ್ಲ, ಬೀದಿಯ ಬದಿಗೆ ನಿಲ್ಲಿಸಿದ.

"ಒಳಗೆ ಹಾಕಲ್ವಾ?" ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ.

"ವಾರ ವಾರ ಬಿಚ್ಚಿ ಹರಡೋ ಕಾರಿಗೆ ಶೆಡ್ಡು ಬೇಕಿತ್ತು. ಇದಕ್ಕೀಗ ಬೀದಿ ಸಾಕು. ನಿನ್ನ ಮಿಷನ್ನು ತಂದುಕೋ." ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡೇ ಮುಂದುವರಿಸಿದ: "ಆವತ್ತು ನಿನ್ನ ಮೇಲೆ ಅನುಮಾನ ಪಟ್ಟೆ. ಅನ್ನಬಾರದ ಮಾತು ಅಂದೆ. ತಪ್ಪಾಯ್ತು."

ಅವಳು ಹೂಂ ಎಂದು ಇಳಿದುಬಿಡಬಹುದಿತ್ತು. ಬೇಕಿದ್ದದ್ದು ಕೈಗೆ ಬಂದಿತ್ತು. ಆದರೂ ಕೂತೇ ಇದ್ದಳು.

"ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ" ಎಂದಳು. "ಗಡಿಯಾರದವನ ಮಾತು ನೆನಪಾದ ಮೇಲೂ ಬಾಯಿ ಮುಚ್ಚಿಕೊಂಡು ಬಾಗಿಲವರೆಗೂ ಹೋಗಿದ್ದೆ ನಾನು."

ಅವನು ತಿರುಗಿ ನೋಡಿದ.

"ಮತ್ಯಾಕೆ ವಾಪಸ್ ಬಂದೆ?"

"ಆ ಪಿಸ್ಟನ್ ಹಿಡ್ಕೊಂಡು ನಿಂತಿದ್ರಲ್ಲ, ನೋಡೋಕಾಗಲಿಲ್ಲ."

ಬ್ರೆಡ್ಡಣ್ಣ ಇಳಿದು ಮನೆಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ಮಲಗುವ ಕೋಣೆಯಿಂದ ಅವನ ದನಿ ಕೇಳಿಸಿತು.

"ಬಾರೇ, ಒಬ್ಬನಿಗೆ ಆಗ್ತಿಲ್ಲ. ಆ ಕಡೆ ನೀನು ಹಿಡ್ಕೋ."