ಓರೆ ನೇಯ್ಗೆ

ಕೂಟಗಲ್‌ನ ಮಾಯಮ್ಮ ಮದುವೆಯಾಗಿ ಬಂದಾಗಿನಿಂದ ಕುರಿ ಉಣ್ಣೆ ನೂಲುತ್ತಲೇ ಇದ್ದವಳು. ಮಗ್ಗದ ಮುಂದೆ ಮಾತ್ರ ಎಂದೂ ಕೂತಿರಲಿಲ್ಲ. ನೂಲುವುದು ಹೆಂಗಸರ ಕೆಲಸ, ಕಂಬಳಿ ನೇಯುವುದು ಗಂಡಸರದು ಎಂದು ಆ ಮನೆಯಲ್ಲಿ ನಡೆದುಬಂದಿತ್ತು. ಗಂಡ ಗಂಗಯ್ಯ ತೀರಿಕೊಂಡ ಮೇಲೆ ಜಗಲಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಗೆ ಮಣ್ಣು ತುಂಬಿ ಸಾರಿಸಿಬಿಟ್ಟರು. ಕುರಿಗಳು ಉಳಿದವು, ಉಣ್ಣೆ ಕೇಳುವವರಿರಲಿಲ್ಲ.

ಈ ಬೇಸಿಗೆಯಲ್ಲಿ ಮೊಮ್ಮಗಳು ಸಿಂಧು ಚನ್ನಪಟ್ಟಣದಿಂದ ಪುಟ್ಟದೊಂದು ಮರದ ಮಗ್ಗ ತಂದಳು. ಗೊಂಬೆ ಮಾಡುವ ತಾಜ್ ಪಾಷಾ ಅವಳು ಹೇಳಿದ ಅಳತೆಗೆ ಮಾಡಿಕೊಟ್ಟಿದ್ದ. ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು. ಒಂದೆಳೆ ಮೇಲೆ, ಒಂದೆಳೆ ಕೆಳಗೆ ಹಾಯಿಸುವ ಸಾದಾ ನೇಯ್ಗೆ ಅವಳಿಗೆ ಬರುತ್ತಿತ್ತು. ಈಗ ಫೋನು ನೋಡಿಕೊಂಡು ಓರೆ ನೇಯ್ಗೆ ಕಲಿಯುತ್ತಿದ್ದಳು. ಎರಡೆಳೆ ಮೇಲೆ, ಎರಡೆಳೆ ಕೆಳಗೆ, ಸಾಲುಸಾಲಿಗೂ ಒಂದೆಳೆ ಬಲಕ್ಕೆ ಸರಿಯಬೇಕು. ಆಗ ಜೀನ್ಸ್ ಬಟ್ಟೆಯಲ್ಲಿರುವಂತೆ ಓರೆ ಗೆರೆ ಏಳುತ್ತದೆ.

ತಪ್ಪಿದ ಸಾಲುಗಳನ್ನು ಬಿಚ್ಚಿ ಬಿಚ್ಚಿ ಸಿಂಧು ಬೇಸತ್ತಿದ್ದಾಗ ಮಾಯಮ್ಮ ಪಕ್ಕದಲ್ಲಿ ಬಂದು ಕೂತಳು.

"ನಿಮ್ಮ ತಾತ ನೂಲಿಗೆ ಹುಣಸೆಬೀಜದ ಗಂಜಿ ಬಳೀತಿದ್ರು. ಮನೆಯೆಲ್ಲಾ ಅದೇ ವಾಸ್ನೆ. ಈಗ್ಲೂ ಒಂದೊಂದ್ಸಲ ಬಂದಂಗಾಯ್ತದೆ."

"ನೀನ್ಯಾಕಜ್ಜಿ ನೇಯ್ಲಿಲ್ಲ?"

"ಒಂದ್ಸಲ ಕೇಳ್ದೆ. ನೂಲು ಯಾರು ತೆಗೀತಾರೆ ಅಂತ ನಕ್ರು. ಆಮೇಲೆ ಕೇಳ್ನಿಲ್ಲ."

ಸಿಂಧು ಮಗ್ಗವನ್ನು ಅಜ್ಜಿಯ ತೊಡೆಗೆ ಸರಿಸಿದಳು.

"ನಂಗೇನ್ ಬತ್ತದೆ ಮಗ?"

"ನಂಗೂ ಬರಲ್ಲ. ಇಬ್ರೂ ಕಲಿಯೋಣ."

ಮಾಯಮ್ಮ ಅಟ್ಟದಿಂದ ಕಪ್ಪು ನೂಲಿನ ಉಂಡೆ ಇಳಿಸಿಕೊಂಡಳು. ಗಂಗಯ್ಯನ ಕೊನೆಯ ಕಂಬಳಿಗೆಂದು ನೂತದ್ದು, ಮಗ್ಗಕ್ಕೆ ಏರದೆ ಉಳಿದದ್ದು. ಬಿಚ್ಚುವಾಗ ಕುರಿವಾಸನೆ ಇನ್ನೂ ಬಂತು. ಅವಳು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲೇ ಹಿಡಿದಿದ್ದಳು. ಆಮೇಲೆ ಬಾಯಲ್ಲೇ ಎಣಿಸುತ್ತ ಎಳೆ ಹಾಯಿಸತೊಡಗಿದಳು. ನಿಧಾನವಾಗಿ ಗೆರೆ ಬಲಕ್ಕೆ ಏರಿತು. ನಡುವೆ ಎಲ್ಲೋ ಲೆಕ್ಕ ತಪ್ಪಿ, ಎಡಕ್ಕೆ ತಿರುಗಿಬಿಟ್ಟಿತು.

ಸಿಂಧು ಬಿಚ್ಚಲು ಕೈ ಹಾಕಿದಳು.

"ಬುಡು. ತಿರುಗಿದ್ದೂ ಒಂಥರಾ ಚೆಂದಾಗೇ ಐತೆ."

ಅಲ್ಲಿಂದ ಮುಂದೆ ಮಾಯಮ್ಮ ಬೇಕೆಂದೇ ಆಗಾಗ ಗೆರೆ ತಿರುಗಿಸಿದಳು. ಕೆಲವು ದಿನಗಳಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದದ ಪಟ್ಟಿ ಆಯಿತು. ಮಗ್ಗದಿಂದ ಕತ್ತರಿಸಿದ ಸಂಜೆ ಮಗ ಸಿದ್ದರಾಮು ಕುರಿಗಳನ್ನು ಹಟ್ಟಿಗೆ ಕೂಡಿ ಬಂದವನು ಅದನ್ನು ಮುಟ್ಟಿ ನೋಡಿದ.

"ಬೆಚ್ಚಗೈತೆ ಕಣವ್ವ. ಚಳಿಗಾಲದಾಗೆ ಬೆಳಿಗ್ಗೆ ಹಟ್ಟಿಗೆ ಹೋಗೋವಾಗ ನಂಗಾಯ್ತದೆ."

"ನಿಂಗೆ ಇನ್ನೊಂದು ನೇಯ್ತೀನಿ ಕಣಪ್ಪ," ಎಂದು ಮಾಯಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಇದು ನಂಗೆ."