ಖಾಲಿ ಬಿಟ್ಟ ಮನೆ

"ಸತ್ಯವ್ವ, ಗಂಡನ ಹೆಸರು ಕಮರುದ್ದೀನ. ರೆಹಮತ್‌ಬಿ, ಗಂಡನ ಹೆಸರು ಗಿರಿಯಪ್ಪ..."

ಎರಡು ಕೈಯಲ್ಲಿ ಎರಡು ಫೈಲು ಹಿಡಿದು ಹೊಲಿಗೆ ಕಲಿಸುವ ಮಂದಾಕಿನಿ ಓದುತ್ತಲೇ ಇದ್ದಳು. ಹೊಲಿಗೆ ಯಂತ್ರಗಳ ಸದ್ದು ಒಂದೊಂದಾಗಿ ನಿಂತದ್ದು ಅವಳ ಕಿವಿಗೆ ಬೀಳಲಿಲ್ಲ. ತಲೆ ಎತ್ತಿದರೆ ರೆಹಮತ್‌ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಉಡಚಕ್ಕಾ, ನಿಮ್ಮ ಯಜಮಾನ್ರು ನಮ್ಮ ಮನಿಗೆ ಬಂದಾರಂತ ನೋಡ್ರಿ."

"ನಾಕು ದಿನ ಇಟ್ಕೋ ಬಿಡವಾ," ಎಂದಳು ಉಡಚವ್ವ, ಹಲ್ಲಿನಿಂದ ದಾರ ಕಡಿಯುತ್ತ. "ತಾಸಿಗೊಮ್ಮೆ ಚಾ ಕೇಳ್ತಾರ. ಅಷ್ಟ ಕೊಟ್ರ ಭಾಳ ಛಲೋ ಮನಶ್ಯಾ."

ವರ್ಗವೆಲ್ಲ ನಕ್ಕಿತು. ಶಿರಗುಪ್ಪಿಯಿಂದ ಬರುವ ಸತ್ಯವ್ವ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಗುಂಡಿಯ ಕಾಜಾದ ಮೇಲೆ ಇನ್ನಷ್ಟು ಬಗ್ಗಿ ಕೂತಳು.

ಪರೀಕ್ಷೆಗೆ ಕೂರುವವರ ವಿವರವನ್ನೆಲ್ಲ ಮಂದಾಕಿನಿ ಮುಂಬಯಿ ಸರಕಾರದ ಕಾಲದಿಂದ ಉಳಿದಿದ್ದ ಅಗಲವಾದೊಂದು ಹಾಳೆಯ ಮೇಲೆ ಗೆರೆ ಹೊಡೆದು ಬರೆದಿಟ್ಟಿದ್ದಳು. ಬಿಚ್ಚಿ ಹಾಸಿದರೆ ಅದು ಬಟ್ಟೆ ಕತ್ತರಿಸುವ ಮೇಜನ್ನೆಲ್ಲ ತುಂಬುತ್ತಿತ್ತು. ಹೆಸರು, ಗಂಡನ ಹೆಸರು, ಊರು, ವಯಸ್ಸು ಎಂದು ಕಾಲಮ್ಮುಗಳು. ಈ ಸಲ ಪರೀಕ್ಷೆಯ ಕಚೇರಿಯವರಿಗೆ ಆ ಹಾಳೆ ಬೇಡವಾಗಿತ್ತು. ಒಂದೊಂದು ಕಾಲಮ್ಮಿಗೆ ಒಂದೊಂದು ಫೈಲು ಮಾಡಿ ಕಳಿಸಿ, ಸಾಲಿಗೆ ಸಾಲು ತಾಳೆಯಾಗಬೇಕು, ಗೆರೆಗಳ ನಡುವಿನ ಯಾವ ಮನೆಯಾದರೂ ಖಾಲಿ ಇದ್ದರೆ ಆ ಹೆಣ್ಣುಮಗಳನ್ನು ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಆ ಕಚೇರಿಯ ಸಿಪಾಯಿ ಸಿದ್ದಪ್ಪ ಸಂಜೆ ಬಂದು ಫೈಲು ಒಯ್ಯುವವನಿದ್ದ. ಒಬ್ಬಳ ಕೈಯಿಂದ ಆಗದ ಕೆಲಸವೆಂದು ಮಂದಾಕಿನಿ ಅಕ್ಷರ ಬಲ್ಲವರಿಗೆ ಒಂದೊಂದು ಕಾಲಮ್ಮು ಹಂಚಿಕೊಟ್ಟಿದ್ದಳು.

ಗಂಡಂದಿರ ಕಾಲಮ್ಮು ಫೈಲಿಗೆ ಇಳಿಸಿದವಳು ಶೇವಂತೆವ್ವ. ನಡುವೆ ಒಂದು ಮನೆ ಖಾಲಿ ಇತ್ತಂತೆ. ಸುಮ್ಮನೆ ಜಾಗ ಯಾಕೆ ಹಾಳು ಎಂದು ಕೆಳಗಿನ ಹೆಸರನ್ನು ಮೇಲೆ ಎಳೆದುಕೊಂಡಿದ್ದಳು. ಅಲ್ಲಿಂದ ಮುಂದೆ ಗಂಡಂದಿರೆಲ್ಲ ಒಂದೊಂದು ಮನೆ ಮೇಲೆ ಹತ್ತಿ ಕೂತಿದ್ದರು.

"ನೀವ ಹೇಳಿದ್ರೆಲ್ರಿ ಅಕ್ಕಾರ, ಕತ್ತರಸುವಾಗ ನಡುವ ಬಟ್ಟಿ ಬಿಡಬ್ಯಾಡ್ರಿ ಅಂತ," ಎಂದಳು ಶೇವಂತೆವ್ವ, ತೀರಾ ಅಮಾಯಕಳಾಗಿ.

ಮಂದಾಕಿನಿಗೂ ನಗು ಬಂತು. ಆದರೆ ದೊಡ್ಡ ಹಾಳೆಯ ಮೇಲೆ ಬೆರಳಿಟ್ಟು ಆ ಖಾಲಿ ಮನೆಯನ್ನು ಹುಡುಕಿದಾಗ ನಗು ಅಲ್ಲೇ ನಿಂತಿತು. ಅದು ಸತ್ಯವ್ವನ ಸಾಲು.

ವರ್ಗಕ್ಕೆ ಹೆಸರು ಹಚ್ಚುವಾಗ ಯಾವ ಹೆಂಗಸೂ ತನ್ನ ಗಂಡನ ಹೆಸರು ತಾನು ಹೇಳಿರಲಿಲ್ಲ. ಜೊತೆಗೆ ಬಂದ ಅತ್ತೆಯೋ ನೆರೆಯವಳೋ ಹೇಳಿ ಬರೆಸಿದ್ದರು. ಸತ್ಯವ್ವ ಒಬ್ಬಳೇ ಬಂದಿದ್ದಳು. ಆಮೇಲೆ ಯಾರನ್ನಾದರೂ ಕೇಳಿದರಾಯಿತೆಂದು ಮಂದಾಕಿನಿ ಆ ಮನೆ ಬಿಟ್ಟವಳು, ಬಿಟ್ಟೇ ಬಿಟ್ಟಿದ್ದಳು.

ವರ್ಗ ನಡೆಸುವ ಹಿರಿಯರಾದ ಗೋದಾಬಾಯಿ ಬಂದು ನೋಡಿ, ಉಳಿದವರದು ಕೆಡುವುದು ಬೇಡ, ಅವಳ ಹೆಸರು ತೆಗೆದುಬಿಡು, ಮುಂದಿನ ವರ್ಷ ಕೂರಲಿ ಎಂದರು. ಸತ್ಯವ್ವನ ಸೂಜಿ ನಿಂತಿತು. ಅವಳೂರಿನ ಶಾಲೆಗೆ ಹೊಲಿಗೆ ಕಲಿಸುವವರು ಬೇಕಾಗಿದ್ದುದು ಈ ವರ್ಷ. ಪಾಸಾದವರು ಸಿಕ್ಕ ಮೇಲೆ ಅವರೇನು ಇವಳ ದಾರಿ ಕಾಯುತ್ತಾರೆಯೇ?

ಎಲ್ಲರೂ ಅವಳ ಸುತ್ತ ನೆರೆದರು. ಗಂಡನದು ದೇವರ ಹೆಸರೇ, ವಾರದ ಹೆಸರೇ, ಹಿರಿಯರದೇ ಎಂದು ಒಬ್ಬೊಬ್ಬರು ಒಂದೊಂದು ಕೇಳಿದರು. ಎಲ್ಲರೂ ಒಟ್ಟಿಗೆ ಕೇಳಿದಷ್ಟೂ ಸತ್ಯವ್ವನ ತಲೆ ಕೆಳಗೆ ಹೋಯಿತು. ಗಂಡನ ಹೆಸರು ಪದ್ಯದಲ್ಲಿ ಹೆಣೆದು ಒಡಪು ಕಟ್ಟಿಯಾದರೂ ಹೇಳೆಂದು ಉಡಚವ್ವ ಪುಸಲಾಯಿಸಿದಳು.

"ಮದುವ್ಯಾಗ ಒಡಪಿನ್ಯಾಗೂ ಹೇಳಿಲ್ಲರಿ," ಎಂದಳು ಸತ್ಯವ್ವ.

ಮಂದಾಕಿನಿಯ ಕಣ್ಣು ಊರುಗಳ ಫೈಲಿನ ಮೇಲೆ ಬಿತ್ತು. ಕೆಲಗೇರಿ, ಶಿರಗುಪ್ಪಿ, ಬೈರಿದೇವರಕೊಪ್ಪ. ಗುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ಬರೆದವಳು ಸತ್ಯವ್ವನೇ. ಮಂದಾಕಿನಿ ಎಲ್ಲರನ್ನೂ ಅವರವರ ಯಂತ್ರಕ್ಕೆ ಕಳಿಸಿದಳು. ದೊಡ್ಡ ಹಾಳೆಯನ್ನು ಸತ್ಯವ್ವನ ಕಡೆ ತಿರುಗಿಸಿ, ಲೇಖನಿಯನ್ನು ಮಸಿಯಲ್ಲಿ ಅದ್ದಿ ಮುಂದೆ ಹಿಡಿದಳು.

"ಬಾಯಿಲೆ ಬ್ಯಾಡ. ಬರೀರಿ."

ಸತ್ಯವ್ವ ಲೇಖನಿಯನ್ನು ನೋಡಿದಳು, ಮುಟ್ಟಲಿಲ್ಲ. "ಬರದ್ರ ಹೇಳಿಧಂಗ ಆಗೂದಿಲ್ಲೇನ್ರಿ ಅಕ್ಕಾರ?"

ಕೇಳಿದ್ದು ಸಣ್ಣ ಮಾತಲ್ಲ.

"ಓದಿದವರು ಹೇಳಿಧಂಗ ಆಗ್ತದ," ಎಂದಳು ಮಂದಾಕಿನಿ. "ಓದಾಕಿ ನಾನು."

ಸತ್ಯವ್ವ ಆ ಮಾತನ್ನು ಅಳತೆಪಟ್ಟಿ ಹಿಡಿದಂತೆ ಎರಡೂ ತುದಿಯಿಂದ ನೋಡಿದಳು. ಆಮೇಲೆ ಲೇಖನಿ ತೆಗೆದುಕೊಂಡಳು. ರೆಹಮತ್‌ಬಿ ಬೇಕೆಂದೇ ಜೋರಾಗಿ ಯಂತ್ರ ತುಳಿಯತೊಡಗಿದಳು. ಉಡಚವ್ವ ಕಿಟಕಿಯ ಹೊರಗೆ ಏನನ್ನೋ ನೋಡುತ್ತ ನಿಂತಳು. ಗೋದಾಬಾಯಿಯವರಿಗೂ ಒಳಗೆ ಏನೋ ಕೆಲಸ ನೆನಪಾಯಿತು.

ಮೈ, ಲಾ, ರ, ಪ. ಅಷ್ಟು ಬರೆದು ಸತ್ಯವ್ವ ನಿಂತಳು. ತುಟಿ ಬಿಗಿದುಕೊಂಡೇ, ಗುಂಡಿ ಹಚ್ಚಿದ ಹಾಗೆ, ಕೆಳಗೊಂದು ಒತ್ತು ಇಟ್ಟಳು. ಕಿವಿಯವರೆಗೂ ಕೆಂಪಾಗಿದ್ದ ಮುಖದಲ್ಲಿ ಎಲ್ಲಿಂದಲೋ ಒಂದು ನಗು ಮೂಡಿತ್ತು.

ಮಸಿ ಹೀರುವ ಕಾಗದ ಮಂದಾಕಿನಿಯ ಕೈಯಲ್ಲೇ ಇತ್ತು. ಅವಳು ಕೊಡಲಿಲ್ಲ. ಹೆಸರಿನ ಮಸಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಸತ್ಯವ್ವ ಗಾಳಿಗೆ ದೀಪ ಕಾಯುವವರ ಹಾಗೆ ಅದರ ಮೇಲೆ ಅಂಗೈ ಬಾಗಿಸಿ ಮರೆಹಿಡಿದು, ಆರುವವರೆಗೆ ಹಾಗೇ ಕೂತಳು.