ಜಗುಲಿಯ ಮೇಲಿನ ಆಲೂಗಡ್ಡೆ

ನೀಲಿ, ಏನೋ ನೀಲಿ, ಕೆರೆ ಏರಿ ಹತ್ತುತ್ತಲೇ ಕಣ್ಣಿಗೆ ಬಿತ್ತು, ಮಳೆಯ ಆಚೆಗೆ ನಮ್ಮ ಬಸದಿಯ ನೆತ್ತಿಯ ಮೇಲೆ ನೀಲಿ — ಫ್ಲೆಕ್ಸು, ಇನ್ನೇನು, ನಿನ್ನೆ ತಾನೇ ಚೌತಿ, ಗಣಪತಿ ಕೂರಿಸಿದ ಹುಡುಗರು ತಮ್ಮ ಮೂತಿಗಳನ್ನೆಲ್ಲ ಸಾಲಾಗಿ ಅಚ್ಚು ಹಾಕಿಸಿ, ಊರಿನ ಕಂಬಗಳು ಸಾಲದು ಅಂತ ಪಾರ್ಶ್ವನಾಥ ಸ್ವಾಮಿಯ ತಲೆ ಮೇಲೇ ಕಟ್ಟಿದ್ದಾರೆ, ಕಟ್ಟಲಿ, ಬಂದೆ, ಬಂದೇಬಿಟ್ಟೆ, ಮೂವತ್ತು ವರ್ಷ ಹೊಳೆನರಸೀಪುರದ ಸ್ಕೂಲಿನಲ್ಲಿ ಡ್ರಿಲ್ ಮಾಡಿಸಿದವಳು ನಾನು, ಪ್ರೇಮಕುಮಾರಿ ಟೀಚರ್ ವಿಷಲ್ ಊದಿದರೆ ಮೈದಾನದ ಆ ತುದಿಯ ಪುಂಡ ಕೂಡ ಅಟೆನ್ಷನ್ನಿಗೆ ಬರ್ತಿದ್ದ, ರಿಟೈರ್ ಆಗಿರೋದು ಕೆಲಸದಿಂದ, ಕೋಪದಿಂದಲ್ಲ. ಸ್ಕೂಟಿ ಕೆಸರಲ್ಲಿ ಜಾರ್ತಾ ಇದೆ, ಕನ್ನಡಕದ ತುಂಬ ನೀರು, ಹೊಟ್ಟೆಯಲ್ಲಿ ಏನೂ ಇಲ್ಲ, ಇವತ್ತಿನಿಂದ ಹತ್ತು ದಿನ ಒಂದೇ ಊಟ, ದಶಲಕ್ಷಣ ಪರ್ವ, ಮೊದಲನೇ ದಿನ ಯಾವುದು, ಉತ್ತಮ ಕ್ಷಮಾ, ಗೊತ್ತು, ಗೊತ್ತು, ಯಾರ ಮೇಲೂ ಕೋಪ ಮಾಡಿಕೊಳ್ಳಬಾರದ ದಿನ, ಅದಕ್ಕೇ ಇವತ್ತೇ ಆರಿಸಿಕೊಂಡು ಕಟ್ಟಿದ್ದಾರೆ, ಹತ್ತು ಗಂಟೆಗೆ ಬೆಳಗೊಳದಿಂದ ಪುರೋಹಿತರು ಅಭಿಷೇಕಕ್ಕೆ ಬರ್ತಾರೆ, ಅಷ್ಟರಲ್ಲಿ ಬಕೆಟ್ಟಿನ ನೀರು ಚೆಲ್ಲಬೇಕು, ಗರ್ಭಗುಡಿಯ ಸೂರು ಬಿರುಕು ಬಿಟ್ಟು ಸರಿಯಾಗಿ ಸ್ವಾಮಿಯ ಪಾದದ ಮುಂದೆ ತೊಟ್ಟಿಕ್ಕುತ್ತೆ, ಅಲ್ಲೊಂದು ಬಕೆಟ್ಟು ಇಟ್ಟಿದ್ದೀನಿ, ನಿನ್ನೆ ಸಂಜೆಯಿಂದ ಬಿಟ್ಟೂ ಬಿಡದೆ ಸುರಿದ ಮಳೆಗೆ ಅದು ತುಂಬಿ ಹರಿದಿರುತ್ತೆ, ಸ್ವಾಮಿ ನೀರಲ್ಲಿ ನಿಂತಿರುತ್ತಾನೆ, ಟಪ್ ಟಪ್, ಚನ್ನರಾಯಪಟ್ಟಣದ ಮನೆಯಲ್ಲಿ ಮಲಗಿದ್ದರೂ ಆ ಸದ್ದು ಕಿವಿ ಬಿಡಲಿಲ್ಲ. ರಿಪೇರಿ ಮಾಡಿಸೋಣ ಅಂದರೆ ಬಸದಿಗೆ ಸೇರಿದ ಮೂರು ಮನೆ ಮೂರು ಊರಲ್ಲಿ, ದೊಡ್ಡಪ್ಪನ ಮಕ್ಕಳು ಹಾಸನದಲ್ಲಿ, ಚಿಕ್ಕಪ್ಪನ ಮಗ ಅರಕಲಗೂಡಲ್ಲಿ, ಫೋನಲ್ಲಿ ಮಾಡೋಣ ಮಾಡೋಣ ಅಂತ ಎರಡು ಮಳೆಗಾಲ ಕಳೆದೆವು, ಕೀ ಮಾತ್ರ ನನ್ನ ಸೊಂಟದಲ್ಲಿ.

ಗೇಟು ತೆರೆದಿದೆ — ಯಾರು ತೆರೆದರು — ಅಯ್ಯೋ, ಅಯ್ಯೋ, ಇದೇನಿದು, ಆಲೂಗಡ್ಡೆ. ಜಗುಲಿ ತುಂಬ ಆಲೂಗಡ್ಡೆ, ಒಂದು ಕಡೆ ಮೂಟೆ, ಒಂದು ಕಡೆ ರಾಶಿ, ಮಣ್ಣು ಮೆತ್ತಿಕೊಂಡು, ಬಾಗಿಲವಾಡದ ತನಕ ಉರುಳಿಕೊಂಡು ಬಂದಿವೆ, ಗಡ್ಡೆ, ನಮ್ಮ ಬಸದಿಯಲ್ಲಿ ಗಡ್ಡೆ, ನಾನು ಹುಟ್ಟಿದಾಗಿನಿಂದ ನಾಲಿಗೆಗೆ ಸೋಕಿಸದ ಪದಾರ್ಥ, ನೆಲದೊಳಗೆ ಬೆಳೆಯೋದರಲ್ಲಿ ಲೆಕ್ಕವಿಲ್ಲದ ಜೀವ ಇರುತ್ತೆ ಅಂತ ಅಪ್ಪಾಜಿ ಹೋಟೆಲಿನ ಸಾಗುವನ್ನೂ ಮೂಸದೆ ಎದ್ದು ಬರ್ತಿದ್ದರು, ಅದನ್ನ ತಂದು ಇಲ್ಲಿ, ಇವತ್ತು! ನಂಜಪ್ಪ. ಬಸದಿ ಗೋಡೆಗೆ ಅಂಟಿದ ಹೊಲ ಅವನದೇ, ಈಗ ಅರ್ಥ ಆಯ್ತು, ನಿನ್ನೆ ಸಂಜೆ ಮೂರು ಸಲ ಅವನ ಫೋನು ಬಂದಿತ್ತು, ಬೇಲಿ ತಗಾದೆ ಇರಬೇಕು ಅಂತ ನಾನು ಎತ್ತಲಿಲ್ಲ, ಕೇಳೋ ಶಾಸ್ತ್ರ ಮುಗಿಸಿ ತುಂಬಿಬಿಟ್ಟಿದ್ದಾನೆ. ಹೋದ ವರ್ಷ ಇದೇ ಜಗುಲಿಯಲ್ಲಿ ಇಸ್ಪೀಟು ಆಡ್ತಿದ್ದವರ ಎಲೆಗಳನ್ನ ಕಿತ್ತು ಕೆರೆಗೆ ಎಸೆದಿದ್ದೆ, ಊರೆಲ್ಲ ಬೆರಗಾಗಿ ನೋಡಿತ್ತು, ಆಗಲೂ ಮೈ ಹೀಗೇ ಜುಮ್ಮೆಂದಿತ್ತು, ಹೌದು, ಜುಮ್ಮೆನ್ನುತ್ತೆ, ನ್ಯಾಯ ನನ್ನ ಕಡೆ ಇದ್ದಾಗ ಬರೋ ಕೋಪದ ರುಚಿಯೇ ಬೇರೆ, ಅರವತ್ತೊಂದರ ಮಂಡಿನೋವೂ ಮರೆತುಹೋಗುತ್ತೆ, ಮೂಟೆಗೆ ಹೆಗಲು ಕೊಟ್ಟೆ, ಒಂದು ಉರುಳಿತು, ಮೆಟ್ಟಿಲಿಂದ ಕೆಳಕ್ಕೆ, ಮಳೆಗೆ, ಇನ್ನೊಂದು, ಅದರ ಬಾಯಿ ಬಿಚ್ಚಿ ದಡದಡ ಸುರಿದವು, ರಾಶಿಗೆ ಕಾಲೇ ಸಾಕು, ಒದ್ದೆ, ಒದ್ದೆ, ಅಂಗಳದ ಕೆಂಪು ನೀರಲ್ಲಿ ಉರುಳಿ ಹೋಗ್ತಿವೆ, ಹೋಗಲಿ. ಆ ನಂಜಪ್ಪನೇ ತಾನೇ, ಹತ್ತು ವರ್ಷದವನಾಗಿದ್ದಾಗ ಬದುವಿನ ಮೇಲೆ ಬೆಂಕಿ ಹಾಕಿ ಆಲೂಗಡ್ಡೆ ಸುಟ್ಟುಕೊಂಡು, ತಕ್ಕೊಮ್ಮಿ, ತಿನ್ನು, ಬಿಸಿ ಐತೆ, ಅಂತ ಒಂದನ್ನ ನನ್ನ ಅಂಗೈಗೆ ಇಟ್ಟವನು, ನನಗೆ ಎಂಟು, ಹೊಗೆಯ ವಾಸನೆಗೆ ಬಾಯಲ್ಲಿ ನೀರು, ಅಷ್ಟರಲ್ಲಿ ಬಸದಿಯಿಂದ ಅಪ್ಪಾಜಿ ಬರೋದು ಕಂಡಿತು, ನೆಲಕ್ಕೆ ಹಾಕಿದೆ, ಹಾಕಿ ಸುಮ್ಮನಿದ್ದೆನೇ, ಥೂ ಗಡ್ಡೆ ಅಂತ ಕಾಲಲ್ಲಿ ಹೊಸಕಿದೆ, ನನ್ನ ಮಗಳು ಜಾಣೆ ಅನ್ನಲಿ ಅಂತ, ಸಿಪ್ಪೆ ಒಡೆದು ಬೆಳ್ಳಗೆ ಆಚೆ ಬಂತು, ನಂಜಪ್ಪನ ಮುಖ ಸಪ್ಪೆಯಾಯ್ತು. ಅಪ್ಪಾಜಿ ಜಾಣೆ ಅನ್ನಲಿಲ್ಲ. ಬಗ್ಗಿ ನನ್ನ ಕಾಲು ಎತ್ತಿ ತೋರಿಸಿದರು, ಇರುವೆ ಸಾಲು, ಅರ್ಧ ಸತ್ತಿತ್ತು, ಕೋಪ ಬಂದರೆ ಮೊದಲು ನಿನ್ನ ಕಾಲು ನೋಡ್ಕೋ ಮಗಳೇ, ಎಲ್ಲಿಟ್ಟಿದ್ದೀಯ ಅಂತ. ಈಗ್ಯಾಕೆ ಇದೆಲ್ಲ ನೆನಪು, ಇನ್ನೂ ನಾಲ್ಕು ಮೂಟೆ ಇದೆ.

ಅಯ್ಯಯ್ಯೋ ಟೀಚರಮ್ಮೋರೆ, ಯಾಕ್ರವ್ವಾ ಅಂಗೆ ಒದೀತಿದ್ದೀರಿ — ಲಕ್ಕಮ್ಮ, ನಂಜಪ್ಪನ ಹೆಂಡತಿ, ತಲೆ ಮೇಲೆ ಗೋಣಿಚೀಲ ಹೊದ್ದು ಗೇಟಿನ ಹತ್ತಿರ ನಿಂತಿದ್ದಾಳೆ — ನಾಳೀಕೆ ಗಾಡಿ ಬತ್ತದೆ ತುಂಬಕ್ಕೆ, ನೆಂದ ಗಡ್ಡೆ ಕೊಳ್ತೋಯ್ತದೆ ಕಣ್ರವ್ವಾ. ಕೊಳೀಲಿ, ದೇವರ ಜಗುಲೀನ ನಿಮ್ಮ ಗೋಡೌನು ಅಂದ್ಕೊಂಡ್ರಾ, ನಮ್ಮೋರು ಯಾರೂ ಊರಲ್ಲಿಲ್ಲ ಅಂತ ಸದರಾನಾ. ಪೋನ್ ಮಾಡುದ್ರು ಕಣ್ರವ್ವಾ ಮೂರು ಕಿತ, ನೀವೆತ್ನಿಲ್ಲ, ಒಳೀಕ್ಕೆ ಒಂದೂ ಇಕ್ಕಿಲ್ಲ, ಜಗುಲಿ ಮ್ಯಾಲಷ್ಟೇಯ, ಯಾಕೇಂದ್ರೆ ನಮ್ಮೆಜಮಾನ್ರು — ನಿಲ್ಲಿಸು, ಯಾಕೇಂದ್ರೆ ಗೀಕೇಂದ್ರೆ ಬೇಡ, ಮೇಲೊಂದು ಫ್ಲೆಕ್ಸು ಬೇರೆ, ಯಾರ ಮೂತಿ ಅದು, ನಿನ್ನ ಮಗಂದಾ. ಪ್ಲೆಕ್ಸಾ, ಯಾವ ಪ್ಲೆಕ್ಸವ್ವಾ. ಕಣ್ಣು ಪಿಳಿಪಿಳಿ ಬಿಡ್ತಾಳೆ, ಏನೂ ತಿಳಿಯದವಳ ಹಾಗೆ, ಬಾ ಇಲ್ಲಿ, ಬಂದು ನೋಡು, ಒಳಗೆ ಸ್ವಾಮಿ ನೀರಲ್ಲಿ ನೆನೀತಾ ನಿಂತಿದ್ದಾನೆ, ಹೊರಗೆ ನಿಮ್ಮ ಗಡ್ಡೆ ಬೆಚ್ಚಗೆ ಮಲಗಿದೆ, ಇದು ಯಾವ ಸೀಮೆ ನ್ಯಾಯ, ನೋಡು, ಬೀಗ ತೆಗೆದೆ, ಬಾಗಿಲು ನೂಕಿದೆ, ಹೊಸಿಲ ಮೇಲೆ ಪಚಕ್ ಅಂತ ಏನೋ ಕಾಲಡಿಗೆ ಸಿಕ್ಕಿತು, ಸಿಗಲಿ, ಒಳಗೆ ಕತ್ತಲು, ನವರಂಗ ದಾಟಿ ಗರ್ಭಗುಡಿಯ ಮುಂದೆ ನಿಂತು ಟಾರ್ಚು ಹಾಕಿದೆ, ಣಮೋ ಅರಿಹಂತಾಣಂ, ಸ್ವಾಮಿ, ಹೆಡೆ, ಭುಜ, ಪಾದ, ಬಕೆಟ್ಟು — ಬಕೆಟ್ಟು ಖಾಲಿ. ತಳದಲ್ಲಿ ಒಂದು ಸತ್ತ ಚಿಟ್ಟೆ, ಅದೂ ಒಣಗಿದೆ. ಕೈ ಹಾಕಿ ಸವರಿದೆ, ಒಣ. ನೆಲ ಒಣ, ಪೀಠ ಒಣ, ಹೊರಗೆ ಧೋ ಅಂತ ಸುರೀತಾ ಇದೆ, ಟಪ್ ಇಲ್ಲ, ಟಪ್ ಟಪ್ ಇಲ್ಲವೇ ಇಲ್ಲ. ಕತ್ತೆತ್ತಿದೆ, ಬಿರುಕಿನಲ್ಲಿ ಬೆಳಕಿನ ಗೆರೆ, ಆ ಬೆಳಕು ನೀಲಿ.

ಹಿಂದಿನಿಂದ ಲಕ್ಕಮ್ಮನ ದನಿ, ಒಳಗೆ ಬಂದಿಲ್ಲ ಅವಳು, ಮೆಟ್ಟಿಲ ಕೆಳಗೆ ಮಳೆಯಲ್ಲೇ ನಿಂತು ಕೂಗಿ ಹೇಳ್ತಾ ಇದ್ದಾಳೆ, ಓದೊರ್ಸ ಸ್ವಾಮಿ ಕಾಲ್ದೆಸೇಲಿ ನೀರ್ ನಿಂತಿತ್ತಲ್ರವ್ವಾ, ಇಣುಕ್ ನೋಡಿ ಒಟ್ಟೆ ಉರ್ಕೊಂಡಿದ್ರು ನಮ್ಮೆಜಮಾನ್ರು, ನೆನ್ನೆ ಮ್ವಾಡ ಕಟ್ಟಿದ್ದೇ ನೋಡುದ್ರು, ನಾಳೆ ಅವ್ರ ಅಬ್ಬ ಕಣೆ ಅಂತಂದು, ಗಡ್ಡೆ ಮ್ಯಾಲಿದ್ದ ಟಾರ್ಪಾಲನ್ನೇ ಕಿತ್ಕೊಬಂದು ಇಲ್ಗೆ ಕಟ್ಬುಟ್ರು, ಗಡ್ಡೆಗೆ ಒದ್ಸಕ್ಕೆ ಇನ್ನೇನಿತ್ತು, ಅದ್ಕೇ ಜಗುಲಿಗೆ ತಂದಿಕ್ಕುದ್ರು, ಇನ್ನೊಂದು ತತ್ತೀನಿ ಅಂತ ಒತ್ತಾರೆನೇ ಪ್ಯಾಟೆಗೆ ಓಗವ್ರೆ, ಟೀಚರಮ್ಮೋರು ಬರಾದ್ರೊಳ್ಗೆ ಜಗುಲಿ ತೊಳ್ದಿರ್ಬೇಕು ಅಂತ. ಮೂರು ಮನೆಯವರು ಎರಡು ಮಳೆಗಾಲ ಮಾಡದ್ದನ್ನ ಒಂದು ಸಂಜೆಯಲ್ಲಿ — ಮೂರು ಸಲ ಫೋನು ಮಾಡಿ — ನಾನು ಎತ್ತದೆ — ಎಷ್ಟು ಮೂಟೆ ಉರುಳಿಸಿದೆ, ಎರಡೋ, ಮೂರೋ, ಮಳೆ ನಿಂತಿಲ್ಲ, ಓಡಬೇಕು, ಆರಿಸಬೇಕು, ಸೆರಗಿಗೆ ತುಂಬಿಕೊಂಡಾದರೂ ಒಳಗೆ ತರಬೇಕು, ಒಳಗೇ, ನವರಂಗಕ್ಕೇ, ಪುರೋಹಿತರು ಏನಾದರೂ ಅನ್ನಲಿ, ತಪ್ಪಾಯ್ತು ಲಕ್ಕಮ್ಮ ಅನ್ನಬೇಕು, ನಂಜಪ್ಪನಿಗೂ ಅನ್ನಬೇಕು, ಅಂದಿನದಕ್ಕೂ ಸೇರಿಸಿ, ತಿರುಗಿದೆ. ಲಕ್ಕಮ್ಮನ ಚಪ್ಪಲಿ ಗೇಟಿನ ಆಚೆಗೇ ಇವೆ, ಜೋಡಿಸಿಟ್ಟ ಹಾಗೆ, ಮಳೆಯಲ್ಲಿ, ಅವಳ ಪಾದ ಬರಿದು, ಅವಳು ನೋಡ್ತಾ ಇರೋದು ನನ್ನ ಮುಖವನ್ನಲ್ಲ. ಗರ್ಭಗುಡಿಯಿಂದ ಬಾಗಿಲ ತನಕ ಕೆಸರಿನ ಹೆಜ್ಜೆ, ಒಂದೊಂದೂ ಗೆರೆಗೆರೆ, ರಬ್ಬರಿನ ಗೆರೆ, ಕಾಲು ನೋಡ್ಕೋ ಮಗಳೇ, ಬೇಡ, ಎಲ್ಲಿಟ್ಟಿದ್ದೀಯ ಅಂತ, ಬೇಡ ಅಪ್ಪಾಜಿ, ನೋಡಲಾರೆ — ಹೊಸಿಲ ಮೇಲೆ ಒಂದು ಆಲೂಗಡ್ಡೆ, ಸಿಪ್ಪೆ ಒಡೆದು, ಬೆಳ್ಳಗೆ, ಅದರ ಮೇಲೆ ನನ್ನ ಚಪ್ಪಲಿಯ ಅಚ್ಚು.